ಕುಮಾವೂನಿನ ಏರು, ಅರವತ್ತಮೂರರ ಕಾಲು

ಕಾಠಗೋದಾಮಿಗೆ ಬಂದೊಡನೆ ರೈಲಿನ ಹಳಿ ಮುಗಿಯುತ್ತದೆ. ಬಯಲಿಗೂ ಬೆಟ್ಟಕ್ಕೂ ನಡುವಣ ಗಡಿ ಇದೇ. ಹಿಂದೆ ತರಾಯಿ ಸೀಮೆಯ ಸಮತಟ್ಟಾದ ಹಸಿರು. ಮುಂದೆ ಒಂದರ ಹೆಗಲ ಮೇಲೊಂದು ಏರಿ ನಿಂತ ಕುಮಾವೂನಿನ ಗಿರಿಶ್ರೇಣಿ. ಇಲ್ಲಿಂದ ಮುಂದೆ ಮೋಟಾರಿನ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಮೇಲೇರಿ, ಸಮುದ್ರಮಟ್ಟದಿಂದ 6,300 ಅಡಿಗೂ ಎತ್ತರದಲ್ಲಿರುವ ನೈನಿತಾಲದ ಸರೋವರದ ದಡಕ್ಕೆ ಪ್ರವಾಸಿಯನ್ನು ತಂದು ಬಿಡುತ್ತದೆ. ಆತ ದೋಣಿಯಲ್ಲಿ ಕುಳಿತು ವಿಹರಿಸುತ್ತಾನೆ, ನೈನಾದೇವಿಯ ಗುಡಿಗೆ ಕೈಮುಗಿಯುತ್ತಾನೆ, ಮಾಲ್ ರಸ್ತೆಯಲ್ಲಿ ಉಣ್ಣೆಯ ಶಾಲು ಕೊಳ್ಳುತ್ತಾನೆ. ಸರೋವರದ ಒಂದು ಬದಿಗಿರುವ ಅಯಾರ್‌ಪಟ್ಟಾ ಬೆಟ್ಟದ ಮೇಲೆ ಗರ್ನಿ ಹೌಸ್ ಎಂಬ ಹಳೆಯ ಮನೆಯೊಂದಿದೆಯೆಂಬುದನ್ನು ಕೇಳಿ ತಿಳಿದುಕೊಳ್ಳುವವರು ಸ್ವಲ್ಪವೇ ಮಂದಿ.

ಜಿಮ್ ಕಾರ್ಬೆಟ್ಟರ ಕುಟುಂಬ ಬೇಸಿಗೆಯನ್ನು ಕಳೆಯುತ್ತಿದ್ದ ಮನೆ ಅದು. ಕಾರ್ಬೆಟ್ಟರ ಹೆಸರು ಕೇಳಿದೊಡನೆ ನೆನಪಾಗುವುದು ನರಭಕ್ಷಕ ಹುಲಿ, ಗುರಿ ತಪ್ಪದ ಕೋವಿ, ಕಗ್ಗತ್ತಲೆಯ ಕಾವಲು. ಕೋವಿಯ ಕಥೆಯನ್ನು ಹೇಳಿದವರು ಬಹಳ. ಆ ಕೋವಿಯನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತ ಕಾಲುಗಳ ಕಥೆಯನ್ನು ಹೇಳಿದವರು ಕಡಿಮೆ. ಗುರಿಯಿಡುವುದು ಒಂದು ಕ್ಷಣದ ಕೆಲಸ. ಆ ಕ್ಷಣದ ಹಿಂದೆ ಹತ್ತು ದಿನದ ನಡಿಗೆ ಇರುತ್ತಿತ್ತು. ಆಶ್ಚರ್ಯದ ಸಂಗತಿಯೆಂದರೆ, ಅವರ ಅತ್ಯಂತ ಕಠಿಣವಾದ ಬೇಟೆಗಳಲ್ಲಿ ಹೆಚ್ಚಿನವು ನಡೆದದ್ದು ತಾರುಣ್ಯದಲ್ಲಲ್ಲ. ಐವತ್ತು ದಾಟಿದ ಮೇಲೆ. ಪುಸ್ತಕಗಳಲ್ಲಿ ಬರುವ ಕಡೆಯ ನರಭಕ್ಷಕವನ್ನು ಅವರು ಕೆಡಹಿದಾಗ ಅವರಿಗೆ ಅರವತ್ತಮೂರು ವರ್ಷ. ಸರಕಾರಿ ನೌಕರಿಯಲ್ಲಿದ್ದವರು ಆ ವಯಸ್ಸಿಗೆ ಪಿಂಚಣಿ ಪಡೆದು ಜಗಲಿಯ ಆರಾಮಕುರ್ಚಿಯನ್ನು ಸೇರಿರುತ್ತಾರೆ.

ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲದಲ್ಲಿಯೇ. ತಂದೆ ಅಲ್ಲಿನ ಪೋಸ್ಟ್‌ಮಾಸ್ಟರ್. ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ದೊಡ್ಡ ಸಂಸಾರ, ಸಣ್ಣ ವರಮಾನ. ಚಳಿಗಾಲ ಬಂತೆಂದರೆ ಇಡೀ ಸಂಸಾರ ಬೆಟ್ಟದ ಬುಡದಲ್ಲಿರುವ ಕಾಲಾಢೂಂಗಿಗೆ ಇಳಿಯುತ್ತಿತ್ತು. ಬೇಸಿಗೆ ಬಂತೆಂದರೆ ಮತ್ತೆ ಮೇಲೇರುತ್ತಿತ್ತು. ಹಳೆಯ ಕಾಲುದಾರಿಯಲ್ಲಿ ಇದು 15 ಮೈಲಿ. ಆದರೆ ಈ 15 ಮೈಲಿಗಳಲ್ಲಿ ಭೂಮಿ ಸುಮಾರು 5,000 ಅಡಿ ಕೆಳಗಿಳಿಯುತ್ತದೆ. ಮೇಲೆ ಬಾಂಜ್ ಎಂಬ ಓಕ್ ಮರಗಳ ತಂಪು, ಬುರಾಂಶದ ಕೆಂಪು ಹೂವು. ನಡುವೆ ಚೀಡ್ ಪೈನ್ ಮರಗಳ ಜಾರುವ ಸೂಜಿಯೆಲೆ. ಕೆಳಗೆ ಭಾಬರ್ ಸೀಮೆಯ ಸಾಲವೃಕ್ಷಗಳ ದಟ್ಟ ನೆರಳು. ಹುಡುಗನಿಗೆ ಆ ದಾರಿಯೇ ಗರಡಿಮನೆ. ಕಾಲಾಢೂಂಗಿಯ ಕಾಡಿನಲ್ಲಿ ಬರಿಗಾಲಿನಲ್ಲಿ ತಿರುಗುತ್ತ, ಒಣಗಿದೆಲೆ ಸದ್ದಾಗದಂತೆ ಹೆಜ್ಜೆಯಿಡುವುದನ್ನು ಆತ ಕಲಿತ. ದೊಡ್ಡವರಾದ ಮೇಲೆ ಅವರು ಬೇಟೆಗೆ ತೊಡುತ್ತಿದ್ದುದು ತೆಳುವಾದ ರಬ್ಬರ್ ಅಟ್ಟೆಯ ಬೂಟು. ಬರಿಗಾಲು ಕಲಿಸಿದ ಪಾಠವನ್ನು ಆ ತೆಳು ಅಟ್ಟೆ ಮರೆಯಗೊಡಲಿಲ್ಲ.

ಇನ್ನೊಂದು ಗರಡಿಮನೆ ಬಯಲಿನಲ್ಲಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಕಾರ್ಬೆಟ್ ಗಂಗಾನದಿಯ ದಡದ ಮೊಕಾಮಾ ಘಾಟಿನಲ್ಲಿ ರೈಲ್ವೆ ಸರಕು ಸಾಗಿಸುವ ಗುತ್ತಿಗೆ ಹಿಡಿದರು. ದೊಡ್ಡ ಗೇಜಿನ ವ್ಯಾಗನ್ನುಗಳಿಂದ ಸರಕಿಳಿಸಿ ನದಿಯಾಚೆಗೆ ದಾಟಿಸಬೇಕಾದ ಕೆಲಸ. ಮೊದಲ ತಿಂಗಳುಗಳಲ್ಲಿ ಗುತ್ತಿಗೆದಾರರೇ ಕೂಲಿಗಳೊಡನೆ ಸೇರಿ ದುಡಿದು ರಾಶಿಬಿದ್ದ ಸರಕನ್ನು ಕರಗಿಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ಬೆಟ್ಟಕ್ಕೆ ಓಡಿಬರುತ್ತಿದ್ದರು. ಮೈ ಬೆಳೆದದ್ದು ಹೀಗೆ. ವ್ಯಾಯಾಮವೆಂದು ಹೆಸರಿಟ್ಟು ಅವರು ಯಾವುದನ್ನೂ ಮಾಡಿದಂತೆ ತೋರುವುದಿಲ್ಲ.

1907ರಲ್ಲಿ ಚಂಪಾವತದ ಹೆಣ್ಣುಹುಲಿಯ ಕರೆ ಬಂತು. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ 436 ಜನರನ್ನು ಆ ಹುಲಿ ತಿಂದಿತ್ತೆಂದು ಲೆಕ್ಕ. ಕಾರ್ಬೆಟ್ ಆರು ಮಂದಿ ಆಳುಗಳೊಡನೆ ನೈನಿತಾಲದಿಂದ ನಡೆದು ಹೊರಟರು. ಮೊದಲ ದಿನ 17 ಮೈಲಿ, ಧಾರಿಯವರೆಗೆ. ಮರುದಿನ ಮೋರ್ನೌಲಾ ದಾಟಿ ದೇವೀಧುರಾದಲ್ಲಿ ವಸತಿ. ಮೂರನೆಯ ದಿನ ಸಂಜೆ ಪಾಲಿ ಎಂಬ ಹಳ್ಳಿ. ಹಳ್ಳಿಯವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಐದು ದಿನದ ಹಿಂದೆ ಅಲ್ಲಿಯ ಒಬ್ಬ ಹೆಂಗಸು ದನಗಳಿಗೆ ಓಕ್ ಸೊಪ್ಪು ಕಡಿಯಲು ಮರ ಹತ್ತಿದ್ದಳು. ಇಳಿಯುವಾಗ ಹುಲಿ ಹಿಡಿಯಿತು. ಹುಲಿಯ ದಾಳಿಯೊಂದನ್ನು ಕಣ್ಣಾರೆ ಕಂಡ ಮತ್ತೊಬ್ಬ ಹೆಂಗಸಿನ ಮಾತೇ ನಿಂತುಹೋಗಿತ್ತು. ಹುಲಿ ಸತ್ತು, ಅದರ ಚರ್ಮವನ್ನು ತಂದು ತೋರಿಸಿದ ಮೇಲೆ ಆಕೆಗೆ ಮಾತು ಮರಳಿತೆಂದು ಕಾರ್ಬೆಟ್ ಬರೆದಿದ್ದಾರೆ. ಸತ್ತ ಹುಲಿಯ ಬಾಯಿ ನೋಡಿದಾಗ ಅದರ ಬಲಭಾಗದ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದುವು.

ಇಲ್ಲಿ ಒಂದು ಮಾತು ಗಮನಾರ್ಹ. ಹುಲಿ ಮನುಷ್ಯನನ್ನು ತಿನ್ನತೊಡಗುವುದು ಸಂದರ್ಭದ ಒತ್ತಡದಿಂದ. ಹತ್ತರಲ್ಲಿ ಒಂಬತ್ತು ಸಲ ಆ ಒತ್ತಡ ಗಾಯದ್ದು, ಹತ್ತನೆಯದು ಮುಪ್ಪಿನದು ಎಂಬುದು ಕಾರ್ಬೆಟ್ಟರ ತೀರ್ಮಾನ. ಜಿಂಕೆಯ ಹಿಂದೆ ಓಡಲಾರದ, ಹಲ್ಲು ಸವೆದ ಮೃಗ ಓಡಲಾರದ ಬೇಟೆಯನ್ನು ಹುಡುಕುತ್ತದೆ. ಶಕ್ತಿ ಕುಂದಿದ ಮೃಗದ ಹಿಂದೆ ವಯಸ್ಸೇರುತ್ತಿದ್ದ ಮನುಷ್ಯ. ಇಬ್ಬರಲ್ಲಿ ಯಾರ ಕಾಲು ಮೊದಲು ಸೋಲುತ್ತದೆಯೆಂಬುದೇ ಮುಂದಿನ ಮೂವತ್ತು ವರ್ಷಗಳ ಪ್ರಶ್ನೆಯಾಯಿತು.

ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಐನೂರು ಮಂದಿ ಕುಮಾವೂನಿಗಳ ಕೂಲಿದಳವನ್ನು ಕಟ್ಟಿಕೊಂಡು ಅವರು ಫ್ರಾನ್ಸಿಗೆ ಹೋದರು. ಆ ಪ್ರಕರಣ ಬೇರೆಯೇ ಒಂದು ಲೇಖನಕ್ಕೆ ವಸ್ತು.

ರುದ್ರಪ್ರಯಾಗಕ್ಕೆ ಬರೋಣ. ಕುಮಾವೂನಿನ ಪಕ್ಕದ ಗಢವಾಲದಲ್ಲಿ, ಕೇದಾರದಿಂದ ಇಳಿದು ಬರುವ ಮಂದಾಕಿನಿಯೂ ಬದರಿಯ ಕಡೆಯಿಂದ ಬರುವ ಅಲಕನಂದೆಯೂ ಕೂಡುವ ಸ್ಥಳ ಅದು. ಕೇದಾರದ ರಾವಲರು ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಕನ್ನಡನಾಡಿಗೂ ಆ ಯಾತ್ರೆಯ ದಾರಿಗೂ ಇರುವ ಸಂಬಂಧ ಹಳೆಯದು. 1918ರಿಂದ 1926ರವರೆಗೆ ಈ ದಾರಿಯ ಮೇಲೆ ಒಂದು ಚಿರತೆ ರಾತ್ರಿಯ ಒಡೆತನ ನಡೆಸಿತು. ಸರಕಾರದ ಲೆಕ್ಕಕ್ಕೆ ಬಂದ ಸಾವುಗಳೇ 125. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದಾಗಿ ಆ ಚಿರತೆ ಕನ್ನಡದ ಮನೆಗಳಿಗೂ ಪರಿಚಿತವಾಗಿದೆ. ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಐವತ್ತು ವರ್ಷದ ಮೈ ಅಲ್ಲಿ ಏನೇನು ತಡೆದುಕೊಂಡಿತೆಂಬುದನ್ನು. ಚಿರತೆ ನದಿ ದಾಟದಂತೆ ಅಲಕನಂದೆಯ ತೂಗುಸೇತುವೆಯ ಗೋಪುರದ ತುದಿಯಲ್ಲಿ ಇಪ್ಪತ್ತು ರಾತ್ರಿ ಕಾವಲು ಕುಳಿತದ್ದುಂಟು. ಹಿಮಗಿರಿಯಿಂದ ಕಣಿವೆಯಗುಂಟ ಬೀಸಿ ಬರುವ ಗಾಳಿ, ಮೈಯೊರಗಲು ಆಸರೆಯಿಲ್ಲ, ನಿದ್ದೆಗೆ ಜಾರಿದರೆ ಕೆಳಗೆ ನದಿ. ಹಗಲೆಲ್ಲ ಹಳ್ಳಿಯಿಂದ ಹಳ್ಳಿಗೆ ನಡಿಗೆ. 1925ರ ಶರತ್ಕಾಲದಲ್ಲಿ ವಾರಗಟ್ಟಲೆ ಹೀಗೆ ದಣಿದು, ಬರಿಗೈಯಲ್ಲಿ ಹಿಂದಿರುಗಿದರು. ಮರುವರ್ಷ ಮತ್ತೆ ಬಂದು, ಗೋಲಾಬ್ರಾಯಿಯ ಮಾವಿನಮರದಲ್ಲಿ ರಾತ್ರಿಯಾದ ಮೇಲೆ ರಾತ್ರಿ ಕುಳಿತು, 1926ರ ಮೇ ತಿಂಗಳ ಆರಂಭದಲ್ಲಿ ಚಿರತೆಯನ್ನು ಕೊಂದರು. ಸೋತು ಹಿಂದಿರುಗಿ ಮೈಯನ್ನು ಸುಧಾರಿಸಿಕೊಂಡು ಬಂದದ್ದು ವಿವೇಕ. ಹಟದಿಂದ ಅಲ್ಲಿಯೇ ನಿಂತಿದ್ದರೆ ದಣಿದ ಕಣ್ಣು ಯಾವುದೋ ರಾತ್ರಿ ಮುಚ್ಚಿಹೋಗುತ್ತಿತ್ತು. ಅಂಥ ರಾತ್ರಿಗಾಗಿ ಚಿರತೆಗಳು ಕಾಯುತ್ತವೆ.

1929ರ ತಲ್ಲಾದೇಶದ ಬೇಟೆಯನ್ನು ಮಾತ್ರ ವಿವೇಕವೆನ್ನುವುದು ಕಷ್ಟ. ಕಿವಿಯ ಬಳಿ ಸಿಡಿದ ಕೋವಿಯಿಂದಾಗಿ ತಲೆಯೊಳಗೆ ಕೀವುಗಟ್ಟಿ, ಒಂದು ಕಿವಿ ಕೇಳದೆ, ಮುಖ ಊದಿ ಒಂದು ಕಣ್ಣು ಮುಚ್ಚಿಕೊಂಡಿರುವಾಗ ಐವತ್ತಮೂರರ ಕಾರ್ಬೆಟ್ ಗಾಯಗೊಂಡ ಹುಲಿಯ ಜಾಡು ಹಿಡಿದು ದಿನಗಟ್ಟಲೆ ಅಲೆದರು. ರಾತ್ರಿ ಮರದ ಮೇಲೆ ಕುಳಿತಿದ್ದಾಗ ಆ ಕುರು ತಾನಾಗಿಯೇ ಒಡೆದು ಜೀವ ಉಳಿಯಿತು. ಇದನ್ನು ಓದಿ ಮೆಚ್ಚಬಹುದು, ಅನುಕರಿಸಬಾರದು. ಆ ಬೇಟೆಯ ನೆನಪಿನಲ್ಲಿಯೇ ರಾತ್ರಿ ಕಂಡ ಪೂರ್ಣಗಿರಿಯ ದೇವಿಯ ದೀಪಗಳ ವಿಷಯವೂ ಬರುತ್ತದೆ. ಜನ ಹೋಗಲಾಗದ ಕಡಿದಾದ ಬಂಡೆಯ ಮೇಲೆ ದೀಪಗಳು ಹೇಗೆ ಉರಿದವೆಂಬುದಕ್ಕೆ ಅವರು ಉತ್ತರ ಕೊಟ್ಟಿಲ್ಲ.

ಬೆಟ್ಟ ಮುಪ್ಪನ್ನು ಪರೀಕ್ಷಿಸುವ ರೀತಿಯೇ ಬೇರೆ. ವಯಸ್ಸಾದಂತೆ ಹೃದಯದ ಬಡಿತದ ಗರಿಷ್ಠ ವೇಗ ಕಡಿಮೆಯಾಗುತ್ತದೆ. ಶರೀರ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಪ್ರಮಾಣ, ಮೈ ದುಡಿಸದವರಲ್ಲಿ, ಪ್ರತಿ ಹತ್ತು ವರ್ಷಕ್ಕೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಇಳಿಯುತ್ತದೆ. ನಿತ್ಯ ದುಡಿಯುವವರಲ್ಲಿ ಈ ಇಳಿತ ನಿಧಾನ. ಏರುವಾಗ ಉಸಿರು ಕಟ್ಟಿದರೆ ನಿಂತು ಸುಧಾರಿಸಿಕೊಳ್ಳಬಹುದು, ಏರು ದಯಾಳು. ಇಳಿಜಾರು ಹಾಗಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಯ ಭಾರವನ್ನು ತಡೆದು ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯು ಇದರಿಂದ ಒಳಗೊಳಗೇ ಹರಿದು, ಮರುದಿನವೋ ಅದರ ಮರುದಿನವೋ ಮೆಟ್ಟಿಲಿಳಿಯಲಾರದಷ್ಟು ನೋಯುತ್ತದೆ. ಬೆನ್ನ ಮೇಲೆ ಹೊರೆಯಿದ್ದರಂತೂ ಮಂಡಿಯ ಪಾಡು ಹೇಳತೀರದು. ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಕುಂದುತ್ತದೆ. ಎಡವಿದಾಗ ತಟ್ಟನೆ ಕಾಲನ್ನು ಮುಂದಿಟ್ಟು ಮೈಯನ್ನು ಉಳಿಸಿಕೊಳ್ಳುವ ಚುರುಕು ಅದಕ್ಕಿಂತಲೂ ಬೇಗ. ಬೆಟ್ಟದಲ್ಲಿ ಮುದುಕರು ಬೀಳುವುದು ಬಹುಮಟ್ಟಿಗೆ ಇಳಿಯುವಾಗಲೇ. ಅದೂ ಸಂಜೆಯ ಹೊತ್ತು, ಬಿಡಾರ ಕಣ್ಣಿಗೆ ಕಾಣುತ್ತಿರುವಾಗ.

ಚೂಕಾ ಎಂಬ ಹಳ್ಳಿ ಇರುವುದು ಲಧಿಯಾ ನದಿ ಶಾರದೆಯನ್ನು ಕೂಡುವಲ್ಲಿ. ಆಚೆಯ ದಡ ನೇಪಾಳ. ಚೂಕಾದಿಂದ ಮೇಲಕ್ಕೆ ಕಡಿದಾದ ದಾರಿಯನ್ನು ಹತ್ತಿದರೆ ಥಾಕ್. ಚಂದ ಅರಸರು ಪೂರ್ಣಗಿರಿಯ ದೇವಸ್ಥಾನದ ಸೇವೆಗಾಗಿ ಉಂಬಳಿ ಬಿಟ್ಟ ಹಳ್ಳಿ ಅದು. ತಲೆತಲಾಂತರದಿಂದ ದೀಪ ಆರದ ಆ ಹಳ್ಳಿ 1938ರಲ್ಲಿ ಹುಲಿಯ ಭಯಕ್ಕೆ ಬರಿದಾಯಿತು. ಕಾರ್ಬೆಟ್ ಅಕ್ಟೋಬರಿನಲ್ಲಿ ಒಮ್ಮೆ ಬಂದು ಸಫಲರಾಗದೆ ಹಿಂದಿರುಗಿದ್ದರು. ನವೆಂಬರಿನಲ್ಲಿ ಮತ್ತೆ ಬಂದಾಗ ಮನೆಗಳ ಬಾಗಿಲು ಮುಚ್ಚಿದ್ದುವು. ಅಂಗಳದಲ್ಲಿ ಮನುಷ್ಯರ ಸುಳಿವಿಲ್ಲ. ಹೊಲದ ಬೆಳೆಯನ್ನೂ ದೇವರ ಸೇವೆಯನ್ನೂ ಬಿಟ್ಟು ಒಂದು ಹಳ್ಳಿಯ ಜನ ಎದ್ದುಹೋಗಬೇಕಾದರೆ ಆ ಭಯ ಎಂಥದೆಂಬುದನ್ನು ಊಹಿಸಬಹುದು. ಚಳಿಗಾಲ ಹತ್ತಿರವಾಗಿತ್ತು. ಈ ಬೇಟೆಗಾರನೂ ಕೈಚೆಲ್ಲಿದರೆ ಅವರು ಮನೆಗೆ ಮರಳುವ ದಿನವನ್ನು ಹೇಳಬಲ್ಲವರು ಯಾರೂ ಇರಲಿಲ್ಲ.

ದಿನ ಬೆಳಗಾದರೆ ಚೂಕಾದ ಕಡೆಯಿಂದ ಥಾಕಿಗೆ ಏರು, ಕತ್ತಲಾಗುತ್ತಲೇ ಇಳಿತ. ನಡುವೆ ಮರದ ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲುಗಾಡದೆ ಕೂರುವ ಶಿಕ್ಷೆ. ನಡೆಯುವುದಕ್ಕಿಂತ ಹೀಗೆ ಕೂರುವುದೇ ಅರವತ್ತರ ಮೈಗೆ ಕಠಿಣ. ಮರಗಟ್ಟಿದ ಸೊಂಟ ಬೇಕಾದ ಗಳಿಗೆಯಲ್ಲಿ ತಿರುಗುವುದಿಲ್ಲ. ಕೈಯಲ್ಲಿದ್ದುದು 450/400 ಜೋಡುನಳಿಗೆಯ ಭಾರವಾದ ಕೋವಿ. ನವೆಂಬರ್ 30 ಅವರೇ ಗೊತ್ತುಮಾಡಿಕೊಂಡಿದ್ದ ಕಡೆಯ ದಿನ. ಅಂದು ಸಂಜೆ ನಾಲ್ವರು ಆಳುಗಳೊಡನೆ, ಎರಡು ಆಡುಗಳನ್ನು ಹಿಡಿದುಕೊಂಡು ಅವರು ಇಳಿದುಹೋಗುತ್ತಿದ್ದಾಗ ಮೇಲಿನ ಬೆಟ್ಟದಿಂದ ಹುಲಿಯ ಕೂಗು ಕೇಳಿಸಿತು. ಅದು ಸಂಗಾತಿಯನ್ನು ಕರೆಯುವ ಕಾಲ. ಕಾರ್ಬೆಟ್ ಗಂಡುಹುಲಿಯ ದನಿಯಲ್ಲಿ ಓಗೊಟ್ಟರು. ಹುಲಿ ಮರುದನಿಗೊಟ್ಟು ಇಳಿದು ಬರತೊಡಗಿತು. ಬೆಳಕು ಉಳಿದಿದ್ದುದು ಕೆಲವೇ ನಿಮಿಷ.

ದಾರಿಯ ಪಕ್ಕದಲ್ಲಿ ಎದೆಮಟ್ಟದ ಒಂದು ಬಂಡೆ. ಆಳುಗಳನ್ನೂ ಆಡುಗಳನ್ನೂ ಅದರ ಮರೆಯಲ್ಲಿ ಒತ್ತಾಗಿ ಕುಳ್ಳಿರಿಸಿ, ತಾವು ಬಂಡೆಯ ಇಕ್ಕಟ್ಟಾದ ಚಾಚಿನ ಮೇಲೆ ಅರ್ಧ ಕುಳಿತು, ಅರ್ಧ ಜೋತುಬಿದ್ದು, ಕೋವಿಯನ್ನು ಸರಿಯಾಗಿ ಭುಜಕ್ಕೊತ್ತಲೂ ಅವಕಾಶವಿಲ್ಲದ ಭಂಗಿಯಲ್ಲಿ ಕಾದರು. ಇಂಥ ಭಂಗಿಯಲ್ಲಿ ಮೈಯನ್ನು ಹಿಡಿದು ನಿಲ್ಲಿಸುವುದು ತೋಳಲ್ಲ, ತೊಡೆ ಮತ್ತು ಸೊಂಟ. ಹುಲಿಯ ತಲೆ ಕಂಡಿತು. ಒಂದಾದ ಮೇಲೊಂದು ಎರಡು ಗುಂಡು. ಕೋವಿಯ ಹಿಂದೊದೆತಕ್ಕೆ ಕಾರ್ಬೆಟ್ ಬಂಡೆಯಿಂದ ಹಾರಿ, ಕೆಳಗಿದ್ದ ಆಳುಗಳ ಮತ್ತು ಆಡುಗಳ ಮೇಲೆಯೇ ಬಿದ್ದರು. ತಮ್ಮ ಮೇಲೆ ಬಿದ್ದದ್ದು ಹುಲಿಯೋ ಸಾಹೇಬರೋ ಎಂದು ಆ ಬಡಪಾಯಿಗಳಿಗೆ ಒಂದು ಕ್ಷಣ ತಿಳಿಯದೆ ಹೋಗಿದ್ದರೆ ಅದರಲ್ಲಿ ಸೋಜಿಗವಿಲ್ಲ. ಹುಲಿ ಅಲ್ಲಿಯೇ ಸತ್ತು ಬಿದ್ದಿತ್ತು. ಅದರ ಮೈಯಲ್ಲಿಯೂ ಹಳೆಯ ಗುಂಡಿನ ಗಾಯಗಳಿದ್ದುವು.

ಅರವತ್ತಮೂರು ವರ್ಷದ ಮನುಷ್ಯ ಬಂಡೆಯಿಂದ ಮಗುಚಿ ಬಿದ್ದು, ಮೈ ಕೊಡವಿಕೊಂಡು ಎದ್ದ. ಮೂಳೆ ಮುರಿಯಲಿಲ್ಲ. ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಐವತ್ತು ವರ್ಷ ಬೆಟ್ಟದ ನೆಲವನ್ನು ತುಳಿದ ಮೂಳೆಯೂ ಗಟ್ಟಿಯಾಗಿದ್ದಿರಬೇಕು. ಭಾರ ಬೀಳುವ ಮೂಳೆ ಗಟ್ಟಿಯಾಗುತ್ತದೆ, ಭಾರ ಕಾಣದ ಮೂಳೆ ಟೊಳ್ಳಾಗುತ್ತದೆಯೆಂಬುದು ಈಗ ವೈದ್ಯರೆಲ್ಲರೂ ಒಪ್ಪುವ ಮಾತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಣ್ಣೆಯಿಂದ ಬರುವ ಟೈಫಸ್ ಜ್ವರ ಅವರನ್ನು ಎಲುಬಿನ ಹಂದರ ಮಾಡಿ ಹಾಸಿಗೆಗೆ ಕೆಡವಿತು. (ಈ ಉಣ್ಣೆ ಶಾಲಿನ ಉಣ್ಣೆಯಲ್ಲ, ದನಕರುಗಳ ಮೈಗೆ ಕಚ್ಚುವ ಹುಳು.) ಆದರೂ ಚೇತರಿಸಿಕೊಂಡು 1944ರಲ್ಲಿ, ಅರವತ್ತೆಂಟನ್ನು ಮುಟ್ಟಿದ್ದ ಅವರು ಲೆಫ್ಟಿನೆಂಟ್ ಕರ್ನಲ್ ಪದವಿಯೊಡನೆ ಬರ್ಮಾದ ರಣರಂಗಕ್ಕೆ ಹೋಗುವ ಎಳೆಯ ಸೈನಿಕರಿಗೆ ಕಾಡಿನ ಯುದ್ಧದ ಪಾಠ ಹೇಳಿದರು. ಮುದಿ ಸ್ನಾಯುವಿಗೆ ಮರಳಿ ಬಲ ಬರುತ್ತದೆಯೇ ಎಂದು ಕೇಳುವವರಿಗೆ 1990ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದ ಒಂದು ಪ್ರಯೋಗ ಉತ್ತರ ಕೊಟ್ಟಿದೆ. ವೃದ್ಧಾಶ್ರಮದಲ್ಲಿದ್ದ, ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸ ಪೂರೈಸಿದವರ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮಿಕ್ಕಿತು.

ಕಾರ್ಬೆಟ್ಟರ ಎಲ್ಲ ಅಭ್ಯಾಸಗಳೂ ಅನುಕರಣೀಯವಲ್ಲ. ಅವರು ಸಿಗರೇಟನ್ನು ಬಿಡದೆ ಸೇದುತ್ತಿದ್ದರು. 1947ರಲ್ಲಿ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಹೋಗಿ ನಯೇರಿಯಲ್ಲಿ ನೆಲೆಸಿ, 1955ರ ಏಪ್ರಿಲ್ 19ರಂದು ಹೃದಯಾಘಾತದಿಂದ ತೀರಿಕೊಂಡರು.

ಈಗ ಕುಮಾವೂನಿಗೆ ಕೋವಿ ಹಿಡಿದು ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾಗಿ 1936ರಲ್ಲಿ ಸ್ಥಾಪನೆಗೊಂಡ ಅರಣ್ಯಕ್ಕೆ 1957ರಿಂದ ಕಾರ್ಬೆಟ್ಟರದೇ ಹೆಸರು. ಹುಲಿಯನ್ನು ಉಳಿಸುವ ಯೋಜನೆ 1973ರಲ್ಲಿ ಆರಂಭವಾದದ್ದೂ ಅಲ್ಲಿಂದಲೇ. ಕಾಲಾಢೂಂಗಿಯ ಮನೆ ವಸ್ತುಸಂಗ್ರಹಾಲಯವಾಗಿದೆ. ಆದರೆ ಬೆಟ್ಟದ ಏರು ತಗ್ಗಿಲ್ಲ. ಕೇದಾರಕ್ಕೆ ಹೋಗುವ ಕನ್ನಡಿಗ ಸಂಸಾರಗಳಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರ್ ನಡೆದು, 3,583 ಮೀಟರ್ ಎತ್ತರವನ್ನು ಅವರು ಮುಟ್ಟಬೇಕು. ಟಿಕೆಟ್ಟು ಕೊಂಡ ದಿನ ಬೂಟನ್ನೂ ಕೊಂಡು, ಹೊರಡುವ ಹಿಂದಿನ ವಾರ ಉದ್ಯಾನದಲ್ಲಿ ನಾಲ್ಕು ಸುತ್ತು ಹಾಕಿದರೆ ಸಾಲದು. ಅರವತ್ತೈದು ದಾಟಿದವರೂ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು, ಎರಡು ದಿನ ಸ್ನಾಯುಬಲದ ಅಭ್ಯಾಸ ಮಾಡಬೇಕು, ಮೂರು ದಿನ ಸಮತೋಲವನ್ನು ರೂಢಿಸಿಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಟ್ಟಕ್ಕೆ ಹೋಗುವವರು ಇದರ ಮೇಲೆ ಮೆಟ್ಟಿಲನ್ನು ಸೇರಿಸಿಕೊಳ್ಳಬೇಕು: ಹತ್ತುವುದನ್ನಷ್ಟೇ ಅಲ್ಲ, ಕೈಯಲ್ಲಿ ಸ್ವಲ್ಪ ಭಾರ ಹಿಡಿದು ನಿಧಾನವಾಗಿ ಇಳಿಯುವುದನ್ನೂ. ಎದೆನೋವಿನ ಇತಿಹಾಸವುಳ್ಳವರು ವೈದ್ಯರ ಮಾತು ಕೇಳದೆ ಹೊರಡಬಾರದು. 2,500 ಮೀಟರಿನ ಮೇಲೆ ಬರುವ ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ. ಅದಕ್ಕೆ ನಿಧಾನವಾಗಿ ಏರುವುದು, ತಲೆನೋವು ವಾಕರಿಕೆ ಹೆಚ್ಚಾದರೆ ತಡಮಾಡದೆ ಇಳಿಯುವುದು, ಇವೇ ಮದ್ದು.

ಮುಖ್ಯ ರಸ್ತೆಯನ್ನು ಬಿಟ್ಟು ಕುಮಾವೂನಿನ ಯಾವುದಾದರೊಂದು ಹಳ್ಳಿಯ ಕಾಲುದಾರಿ ಹಿಡಿದರೆ, ಸೊಪ್ಪಿನ ಹೊರೆಯನ್ನೋ ಹುಲ್ಲಿನ ಹೊರೆಯನ್ನೋ ಹೊತ್ತು ಇಳಿದು ಬರುವ ಹೆಂಗಸರು ಎದುರಾಗುತ್ತಾರೆ. ಚಂಪಾವತದ ಹುಲಿ ಹಿಡಿದದ್ದು ಇಂಥವರನ್ನೇ. ಹುಲಿಯ ಭಯವಿದ್ದಾಗಲೂ ದನ ಮೇವು ಕೇಳುತ್ತಿತ್ತು. ಅವರು ಮನೆಯಿಂದ ಹೊರಡಲೇಬೇಕಾಗಿತ್ತು. ಅವರಲ್ಲಿ ಅರವತ್ತು ದಾಟಿದವರೂ ಇದ್ದಾರೆ. ಬಯಲಿನಿಂದ ಬಂದವನು ಕೋಲೂರಿಕೊಂಡು ದಾರಿಯ ನಡುವೆ ಉಸಿರು ಸುಧಾರಿಸಿಕೊಳ್ಳುತ್ತಿದ್ದರೆ ಅವರು ಅವನನ್ನು ಬಳಸಿಕೊಂಡು, ಹೊರೆ ಅಲುಗದಂತೆ, ಮಾತು ನಿಲ್ಲಿಸದೆ ಇಳಿದು ಹೋಗುತ್ತಾರೆ.